ರಿಯೋದ ಗುಡ್ಡಗಳನ್ನು ಮೇಲಿನಿಂದ ಬಲ್ಲ ಆಂಟಿ

ಊಟಕ್ಕೆ ಕುಳಿತಾಗ ತಟ್ಟೆಯ ಪಕ್ಕದ ನೀರಿನ ಲೋಟವನ್ನು ಹುಡುಕಲು ಆಂಟಿಯವರು ಕಣ್ಣನ್ನಷ್ಟೇ ಅಲ್ಲ, ಇಡೀ ಕತ್ತನ್ನು ತಿರುಗಿಸುತ್ತಿದ್ದರು. ಕಾಳು ಹೆಕ್ಕುವ ಹಕ್ಕಿ ಮೊದಲು ಒಂದು ಪಕ್ಕದಿಂದ, ಆಮೇಲೆ ಇನ್ನೊಂದು ಪಕ್ಕದಿಂದ ನೆಲವನ್ನು ನೋಡುತ್ತದಲ್ಲ, ಹಾಗೆ. ತಲೆ ತಿರುಗಿದಾಗಲೆಲ್ಲ ಅವರ ಮೂಗುಬಟ್ಟಿನ ಬಿಳಿ ಕಲ್ಲುಗಳು ಒಂದೊಂದಾಗಿ ಮಿನುಗಿ ಆರುತ್ತಿದ್ದವು. ಲೋಟ ಸಿಕ್ಕಿದ ಕೂಡಲೇ ಅದರ ಅಂಚನ್ನು ಬೆರಳಿನಿಂದ ತಟ್ಟಿ, "ಇಲ್ಲೇ ಕುಂತೀಯೇನು? ಹೇಳಬಾರದ?" ಎಂದು ಲೋಟವನ್ನೇ ಗದರಿಸುತ್ತಿದ್ದರು.

ಸದರಿ ಆಂಟಿಯವರ ಬಗ್ಗೆ ನಮ್ಮ ಕನ್ನಡ ಕೂಟದ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಬೇಕೆಂದು ನನ್ನನ್ನು ಕೇಳಲಾಗಿದೆ. ಮದುವೆಗೆ ಮುಂಚೆ ತುಮಕೂರಿನ ಒಂದು ಕಛೇರಿಯಲ್ಲಿ ಪತ್ರಗಳನ್ನು ಬೆರಳಚ್ಚು ಮಾಡಿದ್ದನ್ನು ಬಿಟ್ಟರೆ ನನಗೆ ಬರವಣಿಗೆಯ ಅನುಭವವಿರುವುದಿಲ್ಲ. ಆದುದರಿಂದ ಇದರಲ್ಲಿ ಲೋಪಗಳು ಕಂಡುಬಂದಲ್ಲಿ ಓದುಗರು ಮನ್ನಿಸಬೇಕಾಗಿ ಮೊದಲೇ ಕೋರುತ್ತೇನೆ. ಆಂಟಿಯವರು ಇದನ್ನು ಓದುವಂತಿದ್ದರೆ ಮನ್ನಿಸುತ್ತಿರಲಿಲ್ಲ ಎಂಬುದೂ ನನಗೆ ಗೊತ್ತಿದೆ.

ಅವರು ನನಗೆ ರಕ್ತಸಂಬಂಧಿಗಳಲ್ಲ. ಎರಡು ಸಾವಿರದ ಒಂದನೇ ಇಸವಿಯಲ್ಲಿ ನಾನು ಮದುವೆಯಾಗಿ ಸ್ಯಾನ್ ಡಿಯಾಗೋಗೆ ಬಂದಾಗ, ಕಾರ್ಮೆಲ್ ವ್ಯಾಲಿಯ ನಮ್ಮ ಬೀದಿಯಲ್ಲೇ ಎರಡು ಮನೆಗಳ ಆಚೆಗೆ ಅವರ ಮನೆಯಿತ್ತು. ಮೂಲತಃ ಹುಬ್ಬಳ್ಳಿಯವರು. ಹೆಂಗಸರು ಇಂಜಿನಿಯರಿಂಗ್ ಓದುವುದು ಅಪರೂಪವಾಗಿದ್ದ ಕಾಲದಲ್ಲಿ ಓದಿ, ಇಲ್ಲಿಗೆ ಬಂದು, ಒಂದು ಟೆಲಿಕಾಂ ಕಂಪನಿಯಲ್ಲಿ ಬಹಳ ವರ್ಷ ಕೆಲಸ ಮಾಡಿದವರು. ಮೊಬೈಲ್ ಫೋನಿನ ಕಂಬಗಳನ್ನು ಒಂದು ಊರಿನಲ್ಲಿ ಎಲ್ಲೆಲ್ಲಿ ನಿಲ್ಲಿಸಿದರೆ ಜನರ ಮಾತು ನಡುವೆ ಕಡಿದುಹೋಗುವುದಿಲ್ಲ ಎಂಬುದನ್ನು ಕಂಪ್ಯೂಟರಿನಲ್ಲಿ ಊರಿನ ನಕ್ಷೆಯನ್ನಿಟ್ಟುಕೊಂಡು ಲೆಕ್ಕ ಹಾಕುವುದು ಅವರ ಕೆಲಸ. ಅವರ ಪಾಲಿಗೆ ಬಂದ ಊರು ಬ್ರೆಜಿಲ್ ದೇಶದ ರಿಯೋ ಡಿ ಜನೈರೊ.

ನಾನು ಆ ಊರಿನ ಹೆಸರನ್ನು ಕೇಳಿದ್ದು ಅವರ ಅಡುಗೆಮನೆಯಲ್ಲಿ. ಒಂದು ದಿನ ಹಿಟ್ಟು ನಾದುತ್ತಿದ್ದವರು ಹಿಟ್ಟಿನಲ್ಲೇ ಮೂರು ಗುಡ್ಡ ಮಾಡಿ, ನಡುವಿನ ಗುಡ್ಡದಲ್ಲಿ ಬೆರಳಿನಿಂದ ಒಂದು ತೂತು ಕೊರೆದು ತೋರಿಸಿದರು.

"ಇದು ಸಮುದ್ರದ ಕಡಿ ಓಣಿ. ಇದು ಆಚೀ ಕಡಿ ಓಣಿ. ನಡುವ ಈ ಗುಡ್ಡ ಕುಂತಾನ. ಇವನ ಹೊಟ್ಟ್ಯಾಗ ಹಾದಿ ಕೊರದಾರ. ಕಾರು ಒಳಗ ಹೋತಂದ್ರ ಮಾತು ಕಟ್. ಗಂಡ ಹೆಂಡ್ತಿ ಜಗಳಾ ಅರ್ಧಕ್ಕ ನಿಂತುಬಿಡ್ತದ ನೋಡು, ಮುಗಿಸಬೇಕಂದ್ರ ಹೆಂಗ?"

"ಅರ್ಧಕ್ಕೆ ನಿಂತ್ರೆ ಒಳ್ಳೇದೇ ಅಲ್ವಾ ಆಂಟಿ?"

"ನಿನಗಿನ್ನೂ ಹೊಸಾ ಮದವಿ. ಜಗಳಾ ಮುಗಿಸಿ ಮಲಗಬೇಕವಾ, ಅರ್ಧಾ ಬಿಟ್ಟ ಮಲಗಬಾರದು."

ಆ ಗುಡ್ಡವನ್ನು ಅವರು 'ನನ್ನ ವೈರಿ' ಎಂದೇ ಕರೆಯುತ್ತಿದ್ದರು. ಇತರ ಇಂಜಿನಿಯರುಗಳು ವರ್ಷಕ್ಕೆರಡು ಬಾರಿ ರಿಯೋಗೆ ಹೋಗಿ, ಕಾರಿನಲ್ಲಿ ಫೋನುಗಳನ್ನಿಟ್ಟುಕೊಂಡು ಬೀದಿ ಬೀದಿ ಸುತ್ತಿ ಪರೀಕ್ಷೆ ಮಾಡಿ ಬರುತ್ತಿದ್ದರು. ಆಂಟಿಯವರ ಸರದಿ ಬಂದಾಗಲೆಲ್ಲ ಅಂಕಲ್ ಅವರ ಆರೋಗ್ಯ ಕೆಡುತ್ತಿತ್ತು. ಅಂಕಲ್ ಅವರು ಹಾಸಿಗೆ ಹಿಡಿದು, ಆಮೇಲೆ ತೀರಿಕೊಂಡರು. ಅಷ್ಟರಲ್ಲಿ ಆ ಊರಿನ ಕೆಲಸವೂ ಮುಗಿಯಿತು. ಹೀಗಾಗಿ ಯಾವ ಊರಿನ ಪ್ರತಿಯೊಂದು ಗುಡ್ಡದ ಎತ್ತರವನ್ನೂ ಇಳಿಜಾರನ್ನೂ ಅವರು ಬಲ್ಲವರಾಗಿದ್ದರೋ, ಆ ಊರಿನಲ್ಲಿ ಒಮ್ಮೆಯೂ ಕಾಲಿಟ್ಟಿರಲಿಲ್ಲ.

ನನಗೆ ಕಾರು ಓಡಿಸಲು ಕಲಿಸಿದವರು ಅವರೇ. ನಮ್ಮ ಯಜಮಾನರು ಎರಡು ಬಾರಿ ಕಲಿಸಲು ಪ್ರಯತ್ನಿಸಿದ್ದು, ಎರಡು ಬಾರಿಯೂ ನಾವು ಮನೆಗೆ ಮಾತಿಲ್ಲದೆ ಹಿಂದಿರುಗಿದ್ದೆವು. ಆಂಟಿಯವರು ಪಕ್ಕದಲ್ಲಿ ಕುಳಿತು, ಮಡಿಲಲ್ಲಿ ಚುರುಮುರಿಯ ಡಬ್ಬಿ ಇಟ್ಟುಕೊಂಡು, "ಕನ್ನಡಿ ನಂಬಬ್ಯಾಡ, ಹೊಳ್ಳಿ ನೋಡು" ಎಂದು ಹೇಳಿಕೊಡುತ್ತಿದ್ದರು. ಫ್ರೀವೇಗೆ ಸೇರುವಾಗ ನಾನು ಅಂಜಿ ಬ್ರೇಕ್ ಒತ್ತಿದರೆ ಬಾಯಿಗೆ ಒಂದಿಷ್ಟು ಚುರುಮುರಿ ಹಾಕುತ್ತಿದ್ದರು. "ಬಾಯಿ ತುಂಬಿದ್ದರ ಅಂಜಿಕಿ ಬರೂದಿಲ್ಲ" ಎಂಬುದು ಅವರ ಸಿದ್ಧಾಂತ. ಇಂದಿಗೂ ನಾನು ಕಾರಿನಲ್ಲಿ ಚುರುಮುರಿ ಇಟ್ಟಿರುತ್ತೇನೆ.

ಎರಡು ಸಾವಿರದ ಐದನೇ ಇಸವಿಯ ಒಂದು ಮಧ್ಯಾಹ್ನ ಅವರು ತಮ್ಮ ಕಾರಿನ ಕೀಲಿಯನ್ನು ನಮ್ಮ ಮನೆಯ ಟೇಬಲ್ಲಿನ ಮೇಲೆ ತಂದಿಟ್ಟರು. ಮೊಮ್ಮಗಳನ್ನು ಶಾಲೆಯಿಂದ ಕರೆತರುವಾಗ ಬಲಗಡೆಯಿಂದ ಸೈಕಲ್ಲಿನಲ್ಲಿ ಬಂದ ಒಬ್ಬ ಹುಡುಗಿ ಅವರಿಗೆ ಕಾಣಿಸಲೇ ಇಲ್ಲವಂತೆ. ಹಿಂದಿನ ಸೀಟಿನಲ್ಲಿದ್ದ ಮೊಮ್ಮಗಳು ಕಿರುಚಿದ್ದರಿಂದ ಬ್ರೇಕ್ ಹಾಕಿದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಆಂಟಿಯವರು ಆ ಸ್ಥಳದಲ್ಲೇ ಕಾರು ನಿಲ್ಲಿಸಿ, ಮಗನಿಗೆ ಫೋನ್ ಮಾಡಿ, ನಡೆದುಕೊಂಡು ಮನೆಗೆ ಬಂದರು. ಅವರ ಕಣ್ಣಿನೊಳಗಿನ ಒತ್ತಡ ಹೆಚ್ಚಿ ನೋಟದ ಅಂಚುಗಳು ಒಳಗೊಳಗೆ ಸರಿಯುತ್ತಿವೆಯೆಂದೂ, ಹೋದದ್ದು ಮರಳಿ ಬರುವುದಿಲ್ಲವೆಂದೂ, ಉಳಿದದ್ದನ್ನು ಔಷಧದ ಹನಿಗಳಿಂದ ಸಾಧ್ಯವಾದಷ್ಟು ಕಾಲ ಕಾಪಾಡಬಹುದೆಂದೂ ವೈದ್ಯರು ತಿಳಿಸಿದರು.

ಆಂಟಿಯವರು ಅದನ್ನು ನನಗೆ ತಿಳಿಸಿದ ಬಗೆ ಬೇರೆ. ಕಾಗದವನ್ನು ಸುರುಳಿ ಸುತ್ತಿ ನನ್ನ ಕಣ್ಣಿಗೆ ಹಿಡಿದರು.

"ಏನು ಕಾಣಸ್ತದ?"

"ನಿಮ್ಮ ಮೂಗುಬಟ್ಟು."

"ಅಷ್ಟ ನನಗೂ ಕಾಣೂದು. ಇನ್ನ ಮ್ಯಾಲೆ ಹಿಂಗ ಮಾಡೂಣು. ನಡುವಿಂದು ನಾ ನೋಡ್ತೀನಿ, ಬದೀದು ನೀ ಹೇಳು."

ಈ ಒಪ್ಪಂದ ಅಂದಿನಿಂದಲೇ ಜಾರಿಗೆ ಬಂದಿತು. ವಾಯುವಿಹಾರಕ್ಕೆ ಹೋದಾಗ, ಅಂಗಡಿಗೆ ಹೋದಾಗ, "ಬದೀಗೆ ಏನದ ಹೇಳು" ಎಂದು ಕೇಳುತ್ತಿದ್ದರು. ಮೊಮ್ಮಗಳ ಜೊತೆಗೂ ಇದೇ ಒಪ್ಪಂದ. ಇಲ್ಲೇ ಹುಟ್ಟಿದ ಆ ಮಗು ಅಜ್ಜಿಯ ಕನ್ನಡವನ್ನೆಲ್ಲ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿತ್ತು. "ಅ ಡಾಗ್, ಅಜ್ಜಿ. ಅ ಮ್ಯಾನ್ ವಿತ್ ಅ ಫನ್ನಿ ಹ್ಯಾಟ್." ನಾನಾದರೋ ಅಭ್ಯಾಸಬಲದಿಂದ, "ಎಡಭಾಗದಲ್ಲಿ ಮನೆಗಳಿವೆ, ಬಲಭಾಗದಲ್ಲಿ ಉದ್ಯಾನವನವಿದೆ" ಎಂದು ಹೇಳುತ್ತಿದ್ದೆ.

"ಏನವಾ ಇದು, ಪಂಚನಾಮಿ ಬರಸ್ಲಿಕತ್ತೀಯೇನು? ಆ ಮನಿಯವರು ಏನು ಮಾಡ್ಲಿಕತ್ತಾರ ಅದನ್ನ ಹೇಳು."

"ಒಬ್ರು ಹೂವಿಗೆ ನೀರು ಹಾಕ್ತಿದಾರೆ."

"ಹಾಂ. ಎಂಥಾ ಹೂವು?"

ಹೀಗೆ ಅವರಿಗೆ ಹೇಳಬೇಕಾಗಿ ಬಂದುದರಿಂದ ನಾನು ನೋಡತೊಡಗಿದೆ. ಅದಕ್ಕೆ ಮುಂಚೆ ನಾಲ್ಕು ವರ್ಷ ಅದೇ ಬೀದಿಯಲ್ಲಿ ನಡೆದಿದ್ದರೂ ಯಾವ ಮನೆಯ ಮುಂದೆ ಯಾವ ಹೂವಿದೆ ಎಂಬುದು ನನಗೆ ತಿಳಿದಿರಲಿಲ್ಲ.

ಮರುವರ್ಷ ನಮ್ಮ ಗ್ರೀನ್ ಕಾರ್ಡ್ ಬಂದಿತು. ಇನ್ನು ದೇಶ ಬಿಟ್ಟು ಹೋಗಿ ಬರಲು ಅಂಜಬೇಕಾಗಿಲ್ಲವೆಂದು ಆಂಟಿಯವರಿಗೆ ಪಾಯಸ ಕೊಟ್ಟು ಬರಲು ಹೋದೆ. ಅವರು ಪಾಯಸದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, "ಹಂಗಾರ ನನ್ನ ಕೂಡ ರಿಯೋಕ್ಕ ಬರ್ತೀಯೇನು?" ಎಂದು ಕೇಳಿದರು. ನಾನು ನಗೆಯಾಡುತ್ತಿದ್ದಾರೆಂದು ಭಾವಿಸಿದೆ. ಹತ್ತಿರದ ಕಾರ್ಲ್ಸ್‌ಬಾಡಿನಲ್ಲಿ ಕೆಲಸ ಮಾಡುತ್ತಿದ್ದ ಅವರ ಮಗ ಆ ಸಂಜೆಯೇ ಬಂದು ತಾಯಿಯೊಂದಿಗೆ ವಾದಕ್ಕೆ ನಿಂತಾಗ ಇದು ನಿಜವೆಂದು ಖಾತ್ರಿಯಾಯಿತು.

"ಅಮ್ಮಾ, ಬಿ ಪ್ರಾಕ್ಟಿಕಲ್. ನನಗ ಈಗ ಲೀವ್ ಸಿಗೂದಿಲ್ಲ. ಇಂಟರ್ನೆಟ್‌ನಾಗ ಎಲ್ಲಾ ಫೋಟೊ ಅವ, ದೊಡ್ಡದು ಮಾಡಿ ತೋರಸ್ತೀನಿ."

"ನಕ್ಷಾ ಭಾಳ ನೋಡೀನಿ. ಸಾಕು."

"ಅಲ್ಲಿ ಹೋಗಿ ಏನ್ ನೋಡ್ತೀ? ನಿನಗ ಕಾಣೂದ..." ಎಂದವರು ಅರ್ಧಕ್ಕೇ ನಿಲ್ಲಿಸಿದರು.

ಆಂಟಿಯವರು ಕೋಪಿಸಿಕೊಳ್ಳಲಿಲ್ಲ. ಮಗನ ತಟ್ಟೆಗೆ ಇನ್ನೊಂದು ಚಪಾತಿ ಹಾಕಿ, ನಿಧಾನವಾಗಿ ಹೇಳಿದರು: "ಕಾಣೂದು ಕಮ್ಮಿ ಆಗೇದ ಅಂತನ ಹೊಂಟೀನಿ. ಒಂದು ಗುಡ್ಡದ ಮ್ಯಾಲೆ ಏಸುವಿನ ಮೂರ್ತಿ ಅದ. ಅಲ್ಲಿಂದ ಕೆಳಗ ನೋಡಿದ್ರ ನನ್ನ ನಕ್ಷಾ ಹೆಂಗಿತ್ತೋ ಹಂಗ ಊರು ಕಾಣಸ್ತದ. ನಾ ಆ ಗುಡ್ಡಗೋಳನ್ನ ಮ್ಯಾಲಿಂದ ನೋಡಿದಾಕಿ. ಕೆಳಗಿಂದ ನೋಡಿದ್ರ ನನಗ ಗುರ್ತ ಸಿಗೂದಿಲ್ಲ. ಒಂದು ಸಲ, ಅಲ್ಲಿ ನಿಂತು, ಇಂವಾ ನಮ್ಮಾಂವಾ ಅಂತ ಗುರ್ತ ಹಿಡೀಬೇಕು. ಅಷ್ಟ."

ಮಗ ಆ ಚಪಾತಿಯನ್ನು ತಿಂದು ಮುಗಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ನೀವು ಕೈ ಬಿಡಬ್ಯಾಡ್ರಿ" ಎಂದಷ್ಟೇ ಹೇಳಿದರು.

ವೀಸಾಕ್ಕಾಗಿ ಲಾಸ್ ಏಂಜಲೀಸಿನ ಬ್ರೆಜಿಲ್ ದೂತಾವಾಸಕ್ಕೆ ನಾನೇ ಕಾರು ಓಡಿಸಿಕೊಂಡು ಹೋದೆ. ಅಷ್ಟು ದೂರ, ಅಷ್ಟು ಲೇನುಗಳ ರಸ್ತೆಯಲ್ಲಿ ನಾನು ಅದುವರೆಗೆ ಹೋಗಿರಲಿಲ್ಲ. ದಾರಿಯುದ್ದಕ್ಕೂ ಅವರು ಚುರುಮುರಿ ತಿನ್ನಿಸುತ್ತ ಬಂದರು. ನಾನು ಬದಿಯದನ್ನು ಹೇಳುತ್ತ ಹೋದೆ. ದೂತಾವಾಸದ ಕಿಟಕಿಯಲ್ಲಿದ್ದ ಮಹಿಳೆಯು ಪ್ರವಾಸದ ಉದ್ದೇಶವನ್ನು ಕೇಳಿದಾಗ ಆಂಟಿಯವರು ಇಂಗ್ಲಿಷಿನಲ್ಲಿ, "ಅಲ್ಲಿ ನನ್ನ ಕೆಲವು ಗುಡ್ಡಗಳಿವೆ, ನೋಡಿಕೊಂಡು ಬರಬೇಕು" ಎಂದರು. ಆಕೆ ಎದ್ದು ನಿಂತು ನಕ್ಕಳು. ಅವಳ ಊರೂ ಅದೇ ಆಗಿತ್ತು.

ಜನವರಿಯಲ್ಲಿ ಹೊರಟೆವು. ನಾವು ಸ್ವೆಟರ್ ಹಾಕಿಕೊಂಡು ವಿಮಾನ ಹತ್ತಿದ್ದು, ಇಳಿದಾಗ ಅಲ್ಲಿ ಉರಿಬೇಸಿಗೆ. ವಿಮಾನ ನಿಲ್ದಾಣದಿಂದ ಸಮುದ್ರ ತೀರದ ಹೋಟೆಲಿಗೆ ಹೋಗುವ ಟ್ಯಾಕ್ಸಿಯ ಚಾಲಕ ಒಬ್ಬ ದಪ್ಪ ಮೀಸೆಯ ಮನುಷ್ಯ. ಬಲಗೈ ಸ್ಟಿಯರಿಂಗಿನ ಮೇಲೆ, ಎಡಗೈಯಲ್ಲಿ ಫೋನು. ಯಾರೊಂದಿಗೋ ಜೋರಾಗಿ ವಾದಿಸುತ್ತಿದ್ದ. ನಗರವೆಂದರೆ ಮನೆಗಳ ನಡುವೆ ಅಲ್ಲಲ್ಲಿ ಮರಗಳಿರುವುದೆಂದು ತಿಳಿದಿದ್ದ ನನಗೆ, ಗುಡ್ಡಗಳ ನಡುವೆ ಜಾಗ ಸಿಕ್ಕಿದಲ್ಲಿ ಮನೆಗಳನ್ನು ತುರುಕಿದ ಆ ಊರು ತಲೆಕೆಳಗಾಗಿ ಕಂಡಿತು. ಕಪ್ಪು ಬಂಡೆಗಳು ನೆಟ್ಟಗೆ ಆಕಾಶಕ್ಕೆ ಎದ್ದಿದ್ದವು. ಅವುಗಳ ಬುಡದಲ್ಲೇ ಬಸ್ಸುಗಳು ಓಡುತ್ತಿದ್ದವು.

ಅಷ್ಟರಲ್ಲಿ ಮುಂದೆ ಒಂದು ಸುರಂಗ ಬಂದಿತು.

ಆಂಟಿಯವರು ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದರು. "ಬಂತು. ವೈರಿ ಹೊಟ್ಟಿ ಒಳಗ ಹೊಂಟೇವಿ. ಸುಮ್ಮ ಕೂಡು, ಆಂವಾ ಮಾತಾಡೂದು ಕೇಳು."

ಕಾರು ಸುರಂಗವನ್ನು ಹೊಕ್ಕಿತು. ಹಳದಿ ದೀಪಗಳು ಸರಿದುಹೋದವು. ಚಾಲಕನ ವಾದ ಹೊರಗೆ ಇದ್ದ ಹಾಗೆಯೇ ಮುಂದುವರಿಯಿತು; ಆಚೆಯ ಧ್ವನಿ ಹೆಂಗಸಿನದೆಂದು ನನಗೂ ಕೇಳಿಸುತ್ತಿತ್ತು. ಒಮ್ಮೆಯೂ ಕಡಿಯಲಿಲ್ಲ. ಬೆಳಕಿಗೆ ಬಂದಾಗ ಆತ ಏನೋ ಹೇಳಿ, ಆಕೆ ಏನೋ ಹೇಳಿ, ಇಬ್ಬರೂ ನಕ್ಕರು. ಆಂಟಿಯವರು ನನ್ನ ಕೈ ಬಿಟ್ಟು ಸೀಟಿಗೆ ಒರಗಿದರು.

"ಜಗಳಾ ಮುಗೀತು ನೋಡು," ಎಂದರು.

ನಾನು ಅವರ ಮುಖವನ್ನು ನೋಡಿದೆ. ತಾನು ನೆಟ್ಟ ಗಿಡದ ಹಣ್ಣನ್ನು ಬೇರೆಯವರು ತಿನ್ನುವುದನ್ನು ಕಾಂಪೌಂಡಿನ ಆಚೆಯಿಂದ ನೋಡುವವರ ಮುಖ ಹೇಗಿರಬಹುದೋ ಹಾಗಿತ್ತು.

ಅಂದು ಸಂಕ್ರಾಂತಿ. ಆಂಟಿಯವರು ಕುಸುರೆಳ್ಳಿನ ಪೊಟ್ಟಣವನ್ನು ಸ್ಯಾನ್ ಡಿಯಾಗೋದಿಂದಲೇ ತಂದಿದ್ದರು. ಅವರ ಊರಿನ ಕಡೆ ಸಂಕ್ರಾಂತಿಯ ದಿನ ಹೊಳೆಗೆ ಹೋಗಿ ಮಿಂದು ಬರುವ ರೂಢಿಯಂತೆ. ಮಧ್ಯಾಹ್ನ ಇಳಕಲ್ ಸೀರೆಯ ನೆರಿಗೆಯನ್ನು ಎತ್ತಿ ಹಿಡಿದು ಅಟ್ಲಾಂಟಿಕ್ ಸಾಗರದಲ್ಲಿ ಪಾದ ತೊಳೆದು, ತಲೆಗೆ ನೀರು ಚಿಮುಕಿಸಿಕೊಂಡರು. ತೀರದುದ್ದಕ್ಕೂ ಕಾಲುದಾರಿಯಲ್ಲಿ ಕಪ್ಪು ಬಿಳಿ ಕಲ್ಲುಗಳನ್ನು ಅಲೆಗಳಂತೆ ಜೋಡಿಸಿದ್ದರು. ಅದರ ಮೇಲೆ ಬರಿಗಾಲಿನ ಮಕ್ಕಳು, ಚೆಂಡು ಒದೆಯುವ ಮುದುಕರು, ಎಳನೀರು ಮಾರುವವರು, ಮೈಮೇಲೆ ಗೇಣು ಬಟ್ಟೆಯಿಲ್ಲದಿದ್ದರೂ ಸಂಕೋಚವೂ ಇಲ್ಲದ ತಾಯಂದಿರು. ಇದನ್ನೆಲ್ಲ ಹೇಗೆ ಹೇಳುವುದೆಂದು ನಾನು ತಡವರಿಸಿದಾಗ ಆಂಟಿಯವರು, "ಬದೀದು ಹೇಳೂದು ಬಿಟ್ಟು ಯಾಕ ಸುಮ್ಮ ಆದಿ? ನಾಚಿಗಿ ಬಂತೇನು?" ಎಂದು ಕಿಚಾಯಿಸಿದರು.

ಸಂಜೆ ತೀರದ ತುದಿಯಲ್ಲಿದ್ದ ಬಂಡೆಯ ಮೇಲೆ ಜನ ಸೇರುತ್ತಿದ್ದರು. ನಾನು ಕೈ ಹಿಡಿದು ಆಂಟಿಯವರನ್ನೂ ಹತ್ತಿಸಿದೆ. ಮೋಡದ ತುಣುಕುಗಳ ನಡುವೆ ಸೂರ್ಯ ಸಮುದ್ರದ ಅಂಚಿಗೆ ಇಳಿದು, ಕೆಂಪಾಗಿ, ಚಪ್ಪಟೆಯಾಗಿ, ಕೊನೆಗೆ ಒಂದು ಗೆರೆಯಾಗಿ ಮುಳುಗಿದ. ಆ ಕ್ಷಣವೇ ಬಂಡೆಯ ಮೇಲಿದ್ದ ನೂರಾರು ಜನ ಚಪ್ಪಾಳೆ ತಟ್ಟಿದರು. ಬೆಳಕು ಇಳಿದರೆ ಆಂಟಿಯವರಿಗೆ ನಡುವಿನದೂ ಕಾಣಿಸುತ್ತಿರಲಿಲ್ಲ.

"ಯಾರು ಬಂದ್ರು? ಯಾರಿಗೆ ಚಪ್ಪಾಳಿ ಹೊಡೀಲಿಕತ್ತಾರ?"

"ಯಾರೂ ಬರಲಿಲ್ಲ ಆಂಟಿ. ಸೂರ್ಯ ಮುಳುಗಿದ. ಅವನಿಗೇ."

"ಸೂರ್ಯಗ?"

"ಹೌದು."

ಅವರು ಸ್ವಲ್ಪ ಹೊತ್ತು ಆ ಸದ್ದಿನ ಕಡೆಗೆ ಮುಖ ಮಾಡಿ ನಿಂತರು. "ಇಷ್ಟು ವರ್ಷ ನಾವು ಅಂವಗ ಅರ್ಘ್ಯೆ ಕೊಟ್ಟಿವಿ, ನಮಸ್ಕಾರ ಮಾಡಿದಿವಿ. 'ಚೊಲೋ ಮಾಡಿದೆಪಾ' ಅಂತ ಬೆನ್ನ ಚಪ್ಪರಿಸಿದ್ದಿಲ್ಲ ನೋಡು" ಎಂದು ಹೇಳಿ, ತಾವೂ ಚಪ್ಪಾಳೆ ತಟ್ಟಿದರು. ಆಮೇಲೆ ಪೊಟ್ಟಣವನ್ನು ಬಿಚ್ಚಿ, ಕೈಗೆ ಸಿಕ್ಕಿದವರಿಗೆಲ್ಲ ಕುಸುರೆಳ್ಳು ಹಂಚಿದರು. ಎದೆಯ ಮೇಲೆ ಹಚ್ಚೆ ಹಾಕಿಸಿಕೊಂಡಿದ್ದ ಒಬ್ಬ ತರುಣ ಅದನ್ನು ಬಾಯಿಗೆ ಹಾಕಿ ಕಣ್ಣರಳಿಸಿ ಇನ್ನೊಮ್ಮೆ ಕೈ ಚಾಚಿದ. "ತಗೋ ತಮ್ಮಾ, ಹಬ್ಬ ಅದ" ಎಂದು ಆಂಟಿಯವರು ಹುಬ್ಬಳ್ಳಿಯ ಕನ್ನಡದಲ್ಲೇ ಹೇಳಿದರು. ಅವನಿಗೆ ಅರ್ಥವಾದಂತೆ ಕಂಡಿತು.

ಅವರು ಬಂದ ಮುಖ್ಯ ಕಾರ್ಯ ಮಾತ್ರ ಇನ್ನೂ ಬಾಕಿಯಿತ್ತು. ಮರುದಿನ ಇಡೀ ದಿನ ಮಳೆ. ಅದರ ಮರುದಿನ ಸಂಜೆಯೇ ನಮ್ಮ ವಿಮಾನ. ಉಳಿದಿದ್ದು ಒಂದು ಬೆಳಗು. ಎದ್ದು ಕಿಟಕಿಯ ಪರದೆ ಸರಿಸಿದಾಗ ಮಳೆ ನಿಂತಿತ್ತು. ಆದರೆ ಗುಡ್ಡಗಳೆಲ್ಲ ಅರ್ಧಕ್ಕೆ ಕತ್ತರಿಸಿದಂತೆ ಮೋಡದೊಳಗೆ ಹೋಗಿದ್ದವು. ಹೋಟೆಲಿನ ಹುಡುಗಿ ಇಂದು ಮೇಲೆ ಏನೂ ಕಾಣುವುದಿಲ್ಲವೆಂದು ತಲೆಯಾಡಿಸಿದಳು. ಆಂಟಿಯವರು ಆಗಲೇ ಸೀರೆಯುಟ್ಟು, ಬಿಳಿ ವಾಕಿಂಗ್ ಶೂ ಹಾಕಿ, ಚುರುಮುರಿಯ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಗುಡ್ಡ ಎಲ್ಲಿ ಹೋಗ್ಯಾವ? ಅಲ್ಲೇ ಅವ. ನಡಿ."

ಹಲ್ಲುಗಳಿರುವ ಕಂಬಿಯ ಮೇಲೆ ಹತ್ತುವ ಪುಟ್ಟ ರೈಲು ಕಾಡಿನೊಳಗೆ ಏರಿತು. ಕಿಟಕಿಗೆ ಎಲೆಗಳು ತಾಗುತ್ತಿದ್ದವು. ನಡುದಾರಿಯಲ್ಲಿ ಆಂಟಿಯವರು ಮೂಗೆತ್ತಿ, "ಏ, ಹಲಸಿನ ಹಣ್ಣು!" ಎಂದರು. ನಾನು ನೋಡಿದರೆ ನಿಜವಾಗಿಯೂ ಕಂಬಿಯ ಪಕ್ಕದ ಮರಗಳಲ್ಲಿ ಹಲಸಿನ ಕಾಯಿಗಳು ತೂಗುತ್ತಿದ್ದವು. ಭೂಮಿಯ ಆಚೆ ಬದಿಯಲ್ಲಿ ಸಿಕ್ಕಿದ ಆ ವಾಸನೆಗೆ ಇಬ್ಬರೂ ಕಿಟಕಿಗೆ ಮುಖವೊಡ್ಡಿ ಕುಳಿತೆವು. ರೈಲು ಮೇಲೇರಿದಂತೆ ಎಲೆಗಳು ಮಸುಕಾಗಿ, ಮರಗಳು ಮಸುಕಾಗಿ, ಕೊನೆಗೆ ಕಿಟಕಿಯ ಹೊರಗೆ ಬಿಳುಪು ಮಾತ್ರ ಉಳಿಯಿತು.

ಮೇಲಿನ ಕಟ್ಟೆಯ ಮೇಲೆ ನೂರಾರು ಪ್ರವಾಸಿಗರಿದ್ದರು. ಮೋಡ ಎಷ್ಟು ದಟ್ಟವಾಗಿತ್ತೆಂದರೆ, ಅಷ್ಟು ದೊಡ್ಡ ಮೂರ್ತಿಯ ಪಾದದ ಬಳಿ ನಿಂತವರಿಗೆ ಮೂರ್ತಿ ಕಾಣುತ್ತಿರಲಿಲ್ಲ. ನಾನು ಆಂಟಿಯವರನ್ನು ಕೈ ಹಿಡಿದು ಕಟಕಟೆಯವರೆಗೆ ಕರೆದೊಯ್ದೆ. ಅವರು ಎರಡೂ ಕೈಯಲ್ಲಿ ಕಟಕಟೆ ಹಿಡಿದು, ಎಂದಿನಂತೆ ಕತ್ತನ್ನು ಒಂದು ಕಡೆ ತಿರುಗಿಸಿದರು. ಇನ್ನೊಂದು ಕಡೆ ತಿರುಗಿಸಿದರು. ಮೇಲೆ ನೋಡಿದರು, ಕೆಳಗೆ ನೋಡಿದರು. ಅವರು ಬಹಳ ಸಣ್ಣ ಧ್ವನಿಯಲ್ಲಿ ಕೇಳಿದರು:

"ಎಲ್ಲಾ ಬೆಳ್ಳಗ ಕಾಣಸ್ಲಿಕತ್ತದ. ನನಗಷ್ಟ ಹಿಂಗೋ, ನಿನಗೂ ಹಿಂಗೋ?"

ಅಲ್ಲಿಯವರೆಗೆ ಅವರು ಅಂಜಿದ್ದನ್ನು ನಾನು ನೋಡಿರಲಿಲ್ಲ. ಕೀಲಿ ತಂದಿಟ್ಟ ದಿನವೂ ನೋಡಿರಲಿಲ್ಲ.

"ನನಗೂ ಹಾಗೇ ಆಂಟಿ. ಬರೀ ಮೋಡ. ಯಾರಿಗೂ ಏನೂ ಕಾಣಿಸ್ತಿಲ್ಲ."

"ಯಾರಿಗೂ?"

"ಯಾರಿಗೂ. ಪಕ್ಕದಲ್ಲಿರೋರು ಕಣ್ಣುಜ್ಜಿಕೊಳ್ತಿದಾರೆ. ಆಚೆ ಒಬ್ರು ಕ್ಯಾಮೆರಾ ಒರೆಸಿ ಒರೆಸಿ ನೋಡ್ತಿದಾರೆ. ಇನ್ನೊಬ್ರು ತಮ್ಮ ಹೆಂಡ್ತೀನ ಹುಡುಕ್ತಿದಾರೆ, ಆಕೆ ಅವರ ಹಿಂದೇನೇ ನಿಂತಿದಾರೆ."

ಆಂಟಿಯವರು ನಕ್ಕರು. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ. ಸುತ್ತಲಿನವರು ತಿರುಗಿ, ಕಾರಣ ತಿಳಿಯದಿದ್ದರೂ ತಾವೂ ನಕ್ಕರು.

"ಇವತ್ತ ಎಲ್ಲಾರಿಗೂ ನನ್ನ ಕಣ್ಣ ಬಂತು ನೋಡವಾ! ಇಷ್ಟು ಮಂದ್ಯಾಗ ನಾ ಒಬ್ಬಾಕಿ ಅಲ್ಲ!"

ಅವರು ಚುರುಮುರಿಯ ಡಬ್ಬಿ ತೆಗೆದು, ಹೆಂಡತಿಯನ್ನು ಹುಡುಕುತ್ತಿದ್ದವರಿಗೂ ಅವರ ಹೆಂಡತಿಗೂ ಕೊಟ್ಟರು. ನಾವೆಲ್ಲರೂ ಬಿಳುಪಿನೊಳಗೆ ನಿಂತು ಚುರುಮುರಿ ತಿನ್ನುತ್ತ ಕಾದೆವು. ರೈಲು ಇನ್ನೊಂದು ಹೊರೆ ಜನರನ್ನು ತಂದಿತು. ಕೆಲವರು ಬೇಸತ್ತು ಇಳಿದು ಹೋದರು. ನನಗೆ ವಿಮಾನದ ಚಿಂತೆ ಹತ್ತಿತ್ತು. ಆಂಟಿಯವರಿಗೆ ಯಾವ ಚಿಂತೆಯೂ ಇದ್ದಂತೆ ಕಾಣಲಿಲ್ಲ.

ಆಗ ಗಾಳಿ ಬೀಸಿತು. ಜನ ಒಟ್ಟಿಗೆ 'ಆ' ಎಂದರು. ಮೋಡದ ನಡುವೆ ಒಂದು ದುಂಡನೆಯ ಕಿಂಡಿ ತೆರೆಯಿತು. ಸುತ್ತಲೂ ಬಿಳುಪು, ನಡುವೆ ಮಾತ್ರ ಊರು. ಅಷ್ಟು ಆಳದಲ್ಲಿ ನೀಲಿ ಕೊಲ್ಲಿ, ಅದರಲ್ಲಿ ಎಳ್ಳಿನ ಕಾಳಿನಂಥ ದೋಣಿಗಳು, ಕೊಲ್ಲಿಯ ಬಾಯಲ್ಲಿ ಸಂಕ್ರಾಂತಿಯ ಸಕ್ಕರೆ ಅಚ್ಚನ್ನು ನಿಲ್ಲಿಸಿದಂತೆ ಒಂದು ಬಂಡೆಗುಡ್ಡ. ಇದನ್ನು ನಾನು ಈಗ ಬರೆಯುವಾಗಲೂ ನನ್ನ ರೋಮ ನಿಮಿರುತ್ತದೆ. ಮನುಷ್ಯರು ಕಟ್ಟಿದ ಒಂದು ಊರು ಅಷ್ಟು ಸುಂದರವಾಗಿರಲು ಸಾಧ್ಯವೆಂದು ನನಗೆ ಯಾರೂ ತಿಳಿಸಿರಲಿಲ್ಲ. ಕಿಂಡಿ ನಿಧಾನವಾಗಿ ಬಲಕ್ಕೆ ಸರಿಯಿತು. ಒಂದು ಹಸಿರು ಗುಡ್ಡ, ಅದರ ಎರಡೂ ಬದಿಗೆ ಬಿಳಿಯ ಕಟ್ಟಡಗಳು, ಆಚೆ ಸಮುದ್ರದ ಬಾಗಿದ ಅಂಚು.

"ಇಂವಾ!" ಎಂದರು ಆಂಟಿಯವರು. "ಇಂವಾ ನಮ್ಮಾಂವಾ! ನೋಡು, ಬಲಕ್ಕ ಹಿಂಗ ಬಾಗಿರತಾನ, ನಡುವ ಹೆಗಲು ಇಳದಿರ್ತದ, ಹಿಟ್ಟಿನಾಗ ಮಾಡಿ ತೋರಿಸಿದ್ದೆನಲ್ಲ? ಅದ ಅಂವಾ!"

ಅವರು ಕತ್ತು ತಿರುಗಿಸಲಿಲ್ಲ. ತಿರುಗಿಸುವ ಅಗತ್ಯವಿರಲಿಲ್ಲ. ಕಿಂಡಿ ಎಷ್ಟಿತ್ತೋ ಅವರ ನೋಟವೂ ಅಷ್ಟೇ ಇತ್ತು. ಕಟಕಟೆಯ ಮೇಲಿಂದ ಬಾಗಿ, ಯಾರೋ ಬಹಳ ಕಾಲದ ಬಳಿಕ ಸಿಕ್ಕಿದವರೊಡನೆ ಮಾತನಾಡುವಂತೆ ಹೇಳಿದರು: "ಎಷ್ಟು ನಿದ್ದಿಗೆಡಿಸಿದೆಪಾ ನನ್ನ. ಇಷ್ಟು ಚೆಂದ ಇದ್ದೀ ಅಂತ ಮೊದಲ ಹೇಳಬಾರದ?" ಆಮೇಲೆ ಕೈ ಜೋಡಿಸಿದರು. ಮೋಡ ಮತ್ತೆ ಮುಚ್ಚಿಕೊಂಡಿತು.

ಅಭ್ಯಾಸದಂತೆ ನಾನು ಬದಿಯದನ್ನು ಹೇಳಲು ಬಾಯಿ ತೆರೆದೆ. "ಬ್ಯಾಡ," ಎಂದರು. "ಇವತ್ತ ಬದೀಗೆ ಏನೂ ಇದ್ದಿದ್ದಿಲ್ಲ."

ಹಿಂದಿರುಗಿದ ಮೇಲೆ ಅವರ ನೋಟ ಇನ್ನಷ್ಟು ಕಿರಿದಾಯಿತು. ಸಮುದ್ರ ತೀರಕ್ಕೆ ಕರೆದೊಯ್ದರೆ ಸೂರ್ಯ ಮುಳುಗುವಾಗ ಚಪ್ಪಾಳೆ ತಟ್ಟುತ್ತಿದ್ದರು. ನಾಯಿ ಅಡ್ಡಾಡಿಸುವವರು ತಿರುಗಿ ನೋಡುತ್ತಿದ್ದರು. ಮೊಮ್ಮಗಳು ಮೊದಮೊದಲು ನಾಚಿ, "ಅಜ್ಜಿ, ಪೀಪಲ್ ಆರ್ ಲುಕಿಂಗ್" ಎನ್ನುತ್ತಿತ್ತು. "ನೋಡ್ಲಿ, ಅವರಿಗೆ ಕಾಣಸ್ತದ" ಎನ್ನುತ್ತ ಅವರು ಮುಂದುವರಿಸುತ್ತಿದ್ದರು.

ಎರಡು ಸಾವಿರದ ಎಂಟರ ಬೇಸಿಗೆಯ ಆರಂಭದಲ್ಲಿ, ಕಣ್ಣು ಪೂರ್ತಿ ಹೋಗುವ ಮೊದಲೇ, ಒಂದು ಬೆಳಿಗ್ಗೆ ಹೃದಯ ನಿಂತು ಅವರು ತೀರಿಕೊಂಡರು. ಅಸ್ಥಿಯನ್ನು ಸಾಗರದಲ್ಲಿ ಬಿಡಲು ಬಂದರಿನಿಂದ ಒಂದು ಸಣ್ಣ ದೋಣಿಯಲ್ಲಿ ಹೋದೆವು. ಮಗ ಮುಂದೆ ನಿಂತಿದ್ದರು. ನಾನೂ ಮೊಮ್ಮಗಳೂ ಚೆಂಡುಹೂವಿನ ಬುಟ್ಟಿ ಹಿಡಿದು ಹಿಂದೆ ನಿಂತಿದ್ದೆವು. ಜೂನ್ ತಿಂಗಳ ಮಂಜು ನಮ್ಮ ಕಡಲ ಮೇಲೆ ಹೇಗೆ ಕೂರುತ್ತದೆಂಬುದು ಇಲ್ಲಿಯವರಿಗೆಲ್ಲ ತಿಳಿದೇ ಇದೆ. ದಡ ಮಾಯವಾಯಿತು, ನೀರು ಮಾಯವಾಯಿತು. ಇಂಜಿನ್ನು ನಿಲ್ಲಿಸಿದಾಗ ನಾವು ಎಲ್ಲಿದ್ದೇವೆಂದೇ ತಿಳಿಯಲಿಲ್ಲ.

ಮಗು ನನ್ನ ತೋಳಿಗೆ ಆತುಕೊಂಡಿತು. "ಆಂಟಿ, ಇಟ್ಸ್ ಆಲ್ ವೈಟ್. ಈಸ್ ಇಟ್ ಜಸ್ಟ್ ಮೀ?"

ಗುಡ್ಡದ ಮೇಲೆ ಅಜ್ಜಿ ಕೇಳಿದ್ದೂ ಇದನ್ನೇ ಎಂದು ಮಗುವಿಗೆ ಯಾರೂ ಹೇಳಿರಲಿಲ್ಲ.

"ಇಲ್ಲ ಪುಟ್ಟಿ. ನನಗೂ ಹಾಗೇ. ಎಲ್ಲರಿಗೂ ಹಾಗೇ."

ಅದು ಕಣ್ಣೊರೆಸಿಕೊಂಡಿತು. ಆಮೇಲೆ, ನಾನು ಬಲ್ಲಂತೆ ಮೊದಲ ಬಾರಿಗೆ, ಕನ್ನಡದಲ್ಲಿ ಮಾತನಾಡಿತು. ಅದರ ಅಜ್ಜಿಯ ಕನ್ನಡದಲ್ಲಿ.

"ಬದೀಗೆ ಏನದ ಹೇಳು."

ನಾನು ಎರಡೂ ಬದಿಗೆ ನೋಡಿದೆ.

"ಎಡಗಡೆ ನಿಮ್ಮಪ್ಪ ಇದ್ದಾರೆ. ಕನ್ನಡಕ ತೆಗೆದು ಒರೆಸ್ಕೊಳ್ತಾ ಇದ್ದಾರೆ. ಬಲಗಡೆ, ದೋಣಿಯ ಅಂಚಿನ ಮೇಲೆ, ಒಂದು ದೊಡ್ಡ ಹಕ್ಕಿ ಬಂದು ಕೂತಿದೆ. ಕತ್ತು ತಿರುಗಿಸಿ ಒಂದು ಕಡೆಯಿಂದ ನಮ್ಮನ್ನ ನೋಡ್ತು. ಈಗ ಇನ್ನೊಂದು ಕಡೆಯಿಂದ ನೋಡ್ತಾ ಇದೆ."